‘ಅಂತೆ’ಯಿಂದ ‘ಇದೆ’ವರೆಗೆ: ನಿಮ್ಮ ನಂಬಿಕೆಗೆ ಆಧಾರ ಇದೆಯೇ ಎಂದು ನೋಡಿಕೊಳ್ಳುವುದು ಹೇಗೆ?

"ನಾಳೆ ನೀರು ಬರಲ್ವಂತೆ" ಎಂದರು ಪಕ್ಕದ ಮನೆಯ ಅಕ್ಕ.

"ಯಾರು ಹೇಳಿದ್ರು ಅಕ್ಕಾ?"

"ಎಲ್ರೂ ಹೇಳ್ತಾ ಇದಾರೆ."

ಎಲ್ಲರೂ ಹೇಳುತ್ತಿದ್ದಾರೆ ಅಂದ ಮೇಲೆ ಇನ್ನೇನು? ಮನೆಯಲ್ಲಿದ್ದ ಡ್ರಮ್ಮು, ಬಕೆಟ್ಟು, ಬಿಂದಿಗೆ, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಟ್ಟೆ. ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಎಂದಿಗಿಂತ ಜೋರಾಗಿ ನೀರು ಬಂತು.

ತಮಾಷೆಗೆಂದು ಆ ಸುದ್ದಿಯ ಬಾಲ ಹಿಡಿದು ಹಿಂದಕ್ಕೆ ಹೋದೆ. ಅಕ್ಕನಿಗೆ ಹೇಳಿದ್ದು ಇಸ್ತ್ರಿ ಅಂಗಡಿಯವರು. ಅವರಿಗೆ ಹೇಳಿದ್ದು ಹಾಲು ಹಾಕುವ ಹುಡುಗ. ಅವನು ಕೇಳಿಸಿಕೊಂಡದ್ದು ವಾಟರ್‌ಮನ್ ಬಾಯಿಂದ. ವಾಟರ್‌ಮನ್ ಹೇಳಿದ್ದಾದರೂ ಏನು? "ಪೈಪ್ ಕೆಲಸ ನಡೀತಿದೆ, ನಾಳೆ ಕೆಳಗಿನ ಬೀದಿಗೆ ನೀರು ಬರದೇ ಇರಬಹುದು." ನಮ್ಮದು ಮೇಲಿನ ಬೀದಿ! ‘ಇರಬಹುದು’ ಎನ್ನುವುದು ಒಂದು ಕಿವಿ ದಾಟುವಷ್ಟರಲ್ಲಿ ‘ಬರಲ್ವಂತೆ’ ಆಗಿತ್ತು. ‘ಕೆಳಗಿನ ಬೀದಿ’ ಎನ್ನುವುದು ಇನ್ನೊಂದು ಕಿವಿಯ ಹತ್ತಿರ ಉದುರಿಹೋಗಿತ್ತು. ಅದನ್ನು ನಾನು ಮನೆಯವರಿಗೆ ದಾಟಿಸುವಾಗ ‘ಅಂತೆ’ಯೂ ಉಳಿದಿರಲಿಲ್ಲ. "ನಾಳೆ ನೀರು ಬರಲ್ಲ" ಅಂದಿದ್ದೆ, ನಾನೇ ವಾಲ್ವ್ ಮುಚ್ಚಿ ಬಂದವನ ಹಾಗೆ.

ಇಂಥ ಕಡೆಯೇ ಜ್ಞಾನದ ತತ್ವಶಾಸ್ತ್ರ ಶುರುವಾಗುತ್ತದೆ. ನಂಬುವುದಕ್ಕೂ ತಿಳಿದಿರುವುದಕ್ಕೂ ಏನು ವ್ಯತ್ಯಾಸ? ಗ್ರೀಸಿನ ಪ್ಲೇಟೋ ಸುಮಾರು 2400 ವರ್ಷಗಳ ಹಿಂದೆ ಇದನ್ನು ಒಂದು ದಾರಿಯ ಉದಾಹರಣೆಯಿಂದ ಕೇಳಿದ್ದ. ಲಾರಿಸಾ ಎಂಬ ಊರಿಗೆ ದಾರಿ ಗೊತ್ತಿದ್ದವನು ಅಲ್ಲಿಗೆ ತಲುಪುತ್ತಾನೆ. ಗೊತ್ತಿಲ್ಲದೆ ಸರಿಯಾಗಿ ಊಹಿಸಿದವನೂ ತಲುಪುತ್ತಾನೆ. ಹಾಗಾದರೆ ‘ಗೊತ್ತಿರುವುದು’ ಯಾಕೆ ಹೆಚ್ಚು? ಪ್ಲೇಟೋನ ಉತ್ತರ ಚೆಂದ: ಸರಿಯಾದ ನಂಬಿಕೆಗಳು ಡೆಡಲಸ್ ಎಂಬ ಶಿಲ್ಪಿಯ ಗೊಂಬೆಗಳ ಹಾಗೆ. ಕಟ್ಟಿಹಾಕದಿದ್ದರೆ ಓಡಿಹೋಗುತ್ತವೆ. ಕಾರಣ ಎಂಬ ಹಗ್ಗದಿಂದ ಕಟ್ಟಿದರೆ ಮಾತ್ರ ನಿಲ್ಲುತ್ತವೆ.

ಆ ಹಗ್ಗವನ್ನು ಇವತ್ತಿನ ತತ್ವಶಾಸ್ತ್ರದ ತರಗತಿಗಳಲ್ಲಿ ಸಮರ್ಥನೆ ಎನ್ನುತ್ತಾರೆ. ಭಾರತದ ದರ್ಶನಗಳಲ್ಲಿ ಅದಕ್ಕೆ ಹತ್ತಿರದ ಮಾತು ಪ್ರಮಾಣ, ಎಂದರೆ ಸರಿಯಾದ ತಿಳಿವು ಬರುವ ದಾರಿ. (ಆಡುಮಾತಿನಲ್ಲಿ ಪ್ರಮಾಣ ಅಂದರೆ ಆಣೆ. ಆಧಾರ ಕೈಯಲ್ಲಿ ಇಲ್ಲದಿದ್ದಾಗಲೇ ನಾವು ಆಣೆ ಪ್ರಮಾಣಕ್ಕೆ ಇಳಿಯುವುದು ಅನ್ನುವುದು ಬೇರೆ ಮಾತು.)

ಈ ಬರಹ ಹಗ್ಗ ಕಟ್ಟುವ ಕೆಲಸದ ಬಗ್ಗೆ. ನಿಮಗೆ ಗೊತ್ತಿದೆ ಎಂದುಕೊಂಡಿರುವ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ನನ್ನದು ಇದು: ಜುಲೈ ತಿಂಗಳು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದಲ್ಲಿ ನಿಂತಿದ್ದೇನೆ. ಹೊಳೆ ತುಂಬಿ ಹರಿಯುತ್ತಿದೆ. "ಕೊಡಗಿನಲ್ಲಿ ಮಳೆ ಜೋರಾಗಿದೆ" ಅನ್ನುತ್ತೇನೆ.

1. ವಾಕ್ಯ ಬರೆಯಿರಿ, ಅದರ ಬಾಲ ನೋಡಿ

ತಲೆಯೊಳಗೆ ಇರುವಾಗ ನಂಬಿಕೆ ಮಂಜಿನ ಹಾಗೆ. ಒಂದು ಪೂರ್ತಿ ವಾಕ್ಯವಾಗಿ ಕಾಗದದ ಮೇಲೆ ಇಳಿಸಿ. ಆಮೇಲೆ ಕ್ರಿಯಾಪದದ ಕೊನೆ ನೋಡಿ. ಇದು ನನ್ನ ಪ್ರಕಾರ ಕನ್ನಡದವರಿಗೆ ಸಿಕ್ಕಿರುವ ದೊಡ್ಡ ಅನುಕೂಲ. ಆಧಾರ ಎಲ್ಲಿಂದ ಬಂತು ಎನ್ನುವುದನ್ನು ನಮ್ಮ ಭಾಷೆ ಬಾಲದಲ್ಲೇ ಕಟ್ಟಿಕೊಡುತ್ತದೆ.

‘ಮಳೆಯಾಗಿದೆ’ ಅಂದರೆ ಹೊಣೆ ನನ್ನದು. ‘ಮಳೆಯಾಗಿರಬೇಕು’ ಅಂದರೆ ಏನೋ ಗುರುತು ನೋಡಿ ತೀರ್ಮಾನಿಸಿದ್ದೇನೆ. ‘ಮಳೆಯಾಗಿರಬಹುದು’ ಅಂದರೆ ಸಾಧ್ಯತೆ ಅಷ್ಟೇ. ‘ಮಳೆಯಾದೀತು’ ಅಂದರೆ ಇನ್ನೂ ಮೆದು, ಮುಂದಿನ ಮಾತು. ‘ಮಳೆಯಾಗಿದೆಯಂತೆ’ ಅಂದರೆ ಯಾರೋ ಹೇಳಿದ್ದು, ನನ್ನನ್ನು ಕೇಳಬೇಡಿ. ಅಜ್ಜಿಯರು ಈ ಬಾಲಗಳನ್ನು ತಪ್ಪಿಯೂ ಅದಲುಬದಲು ಮಾಡುತ್ತಿರಲಿಲ್ಲ. ‘ಅಂತೆ ಕಂತೆ’ ಎಂದು ಸುದ್ದಿಯನ್ನು ಪಕ್ಕಕ್ಕೆ ತಳ್ಳುವುದೂ ಇದೇ ಅಭ್ಯಾಸದಿಂದ ಬಂದದ್ದು.

ನನ್ನ ವಾಕ್ಯ ‘ಮಳೆ ಜೋರಾಗಿದೆ’. ನಾನು ಕೊಡಗಿಗೆ ಹೋಗಿಲ್ಲ. ಅಂದರೆ ಬಾಲದಲ್ಲೇ ಮೋಸ ಇದೆ. ಸದ್ಯಕ್ಕೆ ಅದನ್ನು ‘ಆಗಿರಬೇಕು’ ಎಂದು ತಿದ್ದಿಟ್ಟುಕೊಂಡಿದ್ದೇನೆ.

2. ಯಾವ ಬಾಗಿಲಿನಿಂದ ಒಳಗೆ ಬಂತು?

ನಂಬಿಕೆ ಒಳಗೆ ಬರುವ ಬಾಗಿಲು ಎಷ್ಟು ಎಂದು ನಮ್ಮ ದಾರ್ಶನಿಕರು ಜಗಳವಾಡಿದಷ್ಟು ಬೇರೆ ಯಾರೂ ಆಡಿರಲಿಕ್ಕಿಲ್ಲ. ಚಾರ್ವಾಕರು ಒಂದೇ ಅಂದರು: ಪ್ರತ್ಯಕ್ಷ. ಬೌದ್ಧರು ಎರಡು ಅಂದರು, ಅನುಮಾನವನ್ನು ಸೇರಿಸಿ. ಸಾಂಖ್ಯರು ಮೂರು. ಉಡುಪಿಯ ಮಧ್ವಾಚಾರ್ಯರೂ ಮೂರು: ಪ್ರತ್ಯಕ್ಷ, ಅನುಮಾನ, ಆಗಮ (ಎಂದರೆ ನಂಬತಕ್ಕ ಮಾತು). ತರ್ಕವನ್ನೇ ಮುಖ್ಯವಾಗಿಟ್ಟುಕೊಂಡ ನ್ಯಾಯ ದರ್ಶನದವರು ಹೋಲಿಕೆಯನ್ನೂ ಸೇರಿಸಿ ನಾಲ್ಕು ಮಾಡಿದರು. ಅದ್ವೈತಿಗಳ ಲೆಕ್ಕ ಆರಕ್ಕೆ ಹೋಯಿತು.

ಒಂದು ಎಚ್ಚರಿಕೆ. ಇಲ್ಲಿ ಅನುಮಾನ ಅಂದರೆ ನಾವು ದಿನಾ ಹೇಳುವ ಶಂಕೆ ಅಲ್ಲ. ಗುರುತು ನೋಡಿ ಕಾಣದ್ದನ್ನು ತಿಳಿಯುವುದು. "ನಿನ್ ಮೇಲೆ ಅನುಮಾನ" ಅನ್ನುವಾಗಿನ ಅನುಮಾನವೇ ಬೇರೆ.

ದಿನದ ಬಳಕೆಗೆ ಮೂರು ಬಾಗಿಲು ಸಾಕು: ಕಂಡದ್ದು, ಊಹಿಸಿದ್ದು, ಕೇಳಿದ್ದು. ನಿಮ್ಮ ವಾಕ್ಯದ ಪಕ್ಕದಲ್ಲಿ ಒಂದನ್ನು ಬರೆಯಿರಿ. ಎರಡು ಬಾಗಿಲಿನಿಂದ ಬಂದಿದ್ದರೆ ಎರಡನ್ನೂ ಬರೆಯಿರಿ. ಹೊಳೆ ತುಂಬಿರುವುದನ್ನು ನಾನು ಕಂಡೆ. ಮಳೆಯನ್ನು ಊಹಿಸಿದೆ.

3. ಕಂಡದ್ದಾದರೆ: ಹೊಗೆಯೋ ದೂಳೋ?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲೇ ಇದೆ. ನ್ಯಾಯದವರ ಮೂಲಗ್ರಂಥ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನೂ ಅದನ್ನೇ ಹೇಳುತ್ತಾನೆ. (ಕಾಮಸೂತ್ರದ ವಾತ್ಸ್ಯಾಯನ ಬೇರೆ. ಇವನಿಗೆ ಪಕ್ಷಿಲಸ್ವಾಮಿ ಎಂಬ ಹೆಸರೂ ಇತ್ತು.) ದೂರದಿಂದ ಏನೋ ಏಳುವುದು ಕಾಣುತ್ತದೆ. ಅದು ಹೊಗೆಯೋ ದೂಳೋ ತೀರ್ಮಾನವಾಗುತ್ತಿಲ್ಲ. ಆ ಸ್ಥಿತಿಯನ್ನು ಪ್ರತ್ಯಕ್ಷ ಜ್ಞಾನ ಅನ್ನುವ ಹಾಗಿಲ್ಲ ಎನ್ನುತ್ತಾನೆ. ಕಣ್ಣಿಗೆ ಬಿದ್ದದ್ದೆಲ್ಲ ಕಂಡದ್ದಲ್ಲ.

ಕೇಳಿಕೊಳ್ಳಬೇಕಾದದ್ದು ಕಡಿಮೆ. ಎಷ್ಟು ದೂರ? ಬೆಳಕು ಹೇಗಿತ್ತು? ಎಷ್ಟು ಹೊತ್ತು ನೋಡಿದೆ? ನೋಡುವ ಮೊದಲೇ ಏನನ್ನು ಕಾಣಬೇಕೆಂದು ಮನಸ್ಸು ತಯಾರಾಗಿತ್ತಾ? ಕೊನೆಯದೇ ಜಾಸ್ತಿ ಕೈಕೊಡುವುದು. ಹಾವಿನ ಸುದ್ದಿ ಕೇಳಿದ ರಾತ್ರಿ ಅಂಗಳದ ಹಗ್ಗವೆಲ್ಲ ಹರಿದಾಡುತ್ತದೆ. ಮೊಬೈಲಿನಲ್ಲಿ ಬಂದ ವಿಡಿಯೋ ಆದರೆ, ನೀವು ಕಂಡದ್ದು ಘಟನೆಯನ್ನಲ್ಲ, ಯಾರೋ ಕತ್ತರಿಸಿ ಕಳಿಸಿದ 30 ಸೆಕೆಂಡನ್ನು. ಅದನ್ನು ‘ಕೇಳಿದ್ದು’ ಬಾಗಿಲಿಗೇ ಕಳಿಸಿ.

4. ಊಹಿಸಿದ್ದಾದರೆ: ಹಸಿ ಸೌದೆ ಹುಡುಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುವುದು.

ನ್ಯಾಯದವರ ಪ್ರಸಿದ್ಧ ಉದಾಹರಣೆ ನಿಮಗೆ ಗೊತ್ತಿರಬಹುದು. ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಐದು ಮೆಟ್ಟಿಲು. ಸುಮ್ನೆ ಶಾಸ್ತ್ರಕ್ಕೆ ಅಂತ ಐದು ಇಟ್ಟಿಲ್ಲ. ಮೂರನೆಯ ಮೆಟ್ಟಿಲು ನೋಡಿ: ನಿಯಮ ಹೇಳಿದರೆ ಸಾಲದು, ಎದುರಿಗಿರುವವನೂ ಒಪ್ಪುವ ಒಂದು ನಿಜವಾದ ಉದಾಹರಣೆ ಕೊಡಬೇಕು. ‘ಯಾವಾಗಲೂ ಹೀಗೇ ಆಗೋದು’ ಎನ್ನುವವರನ್ನು "ಒಂದು ಸಲ ಆಗಿದ್ದು ಹೇಳಿ ನೋಡೋಣ" ಅಂತ ಕೇಳಿ. ಅರ್ಧ ವಾದಗಳು ಅಲ್ಲೇ ಮುಗಿಯುತ್ತವೆ.

ಈಗ ಇದನ್ನು ತಿರುಗಿಸಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಸೌದೆ ಒಲೆ ನೋಡಿದವರು ಹೌದು ಅಂದಾರು. ಆದರೆ ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಗ್ಯಾಸ್ ಒಲೆಯಲ್ಲೂ ಇಲ್ಲ. ಹೊಗೆ ಬರುವುದಕ್ಕೆ ಬೆಂಕಿಯ ಜೊತೆ ಇನ್ನೊಂದು ಬೇಕು: ಹಸಿ ಸೌದೆ. ಎರಡು ಸಂಗತಿ ಜೊತೆಗಿರುವುದನ್ನು ನೋಡಿ ನಿಯಮ ಮಾಡುವಾಗ, ಕಣ್ಣಿಗೆ ಬೀಳದೆ ನಡುವೆ ನಿಂತಿರುವ ಈ ಮೂರನೆಯದನ್ನು ನ್ಯಾಯದವರು ಉಪಾಧಿ ಎಂದರು. ನನಗೆ ‘ಹಸಿ ಸೌದೆ’ ಅನ್ನುವುದೇ ಇಷ್ಟ. ಯಾವ ಊಹೆ ಮಾಡಿದರೂ ಕೇಳಿಕೊಳ್ಳುತ್ತೇನೆ: ಇಲ್ಲಿ ಹಸಿ ಸೌದೆ ಯಾವುದು?

ನನ್ನ ಕಾವೇರಿಗೆ ಬರೋಣ. ಆಶ್ಚರ್ಯ ಏನೆಂದರೆ, ನ್ಯಾಯಸೂತ್ರದಲ್ಲೇ ಈ ಉದಾಹರಣೆಯ ಮೇಲೆ ಜಗಳ ಇದೆ. ತುಂಬಿದ ಹೊಳೆ ನೋಡಿ ಮೇಲೆ ಮಳೆಯಾಗಿದೆ ಎಂದು ತಿಳಿಯುವುದು, ಇರುವೆಗಳು ಮೊಟ್ಟೆ ಹೊತ್ತು ಸಾಗುವುದನ್ನು ನೋಡಿ ಮಳೆ ಬರುತ್ತದೆ ಎಂದು ತಿಳಿಯುವುದು, ಕೂಗು ಕೇಳಿ ನವಿಲಿದೆ ಎಂದು ತಿಳಿಯುವುದು. ಎದುರಾಳಿ ಮೂರನ್ನೂ ಹೊಡೆದುಹಾಕುತ್ತಾನೆ. ಹೊಳೆಗೆ ಅಡ್ಡ ಕಟ್ಟಿದರೂ ನೀರು ಏರುತ್ತದೆ. ಗೂಡು ಕೆಟ್ಟರೂ ಇರುವೆ ಮೊಟ್ಟೆ ಹೊರುತ್ತದೆ. ಮನುಷ್ಯನೂ ನವಿಲಿನ ಹಾಗೆ ಕೂಗಬಲ್ಲ. ಆದ್ದರಿಂದ ಅನುಮಾನ ಎನ್ನುವುದೇ ಪ್ರಮಾಣ ಅಲ್ಲ!

ನ್ಯಾಯದವರ ಉತ್ತರ ನನಗೆ ಬಹಳ ಹಿಡಿಸಿದ್ದು. ತಪ್ಪು ಅನುಮಾನದ್ದಲ್ಲ, ಗುರುತನ್ನು ಸರಿಯಾಗಿ ನೋಡದ ನಿನ್ನದು ಎನ್ನುತ್ತಾರೆ. ಬರೀ ನೀರು ಏರಿದ್ದನ್ನು ಯಾರು ಗುರುತು ಅಂದರು? ಮಳೆಯ ನೀರಿಗೆ ಸೆಳೆತ ಹೆಚ್ಚು. ನೊರೆ ಇರುತ್ತದೆ. ಹಣ್ಣು, ಎಲೆ, ಮರದ ತುಂಡು ಕೊಚ್ಚಿಕೊಂಡು ಬರುತ್ತವೆ. ಅವೆಲ್ಲ ಸೇರಿ ಗುರುತು.

ಶ್ರೀರಂಗಪಟ್ಟಣದಲ್ಲಿ ಮಾತ್ರ ಈ ಉತ್ತರವೂ ಪೂರ್ತಿ ಕೆಲಸ ಮಾಡುವುದಿಲ್ಲ. ಮೇಲೆ ಕೆಆರ್‌ಎಸ್ ಇದೆ. ನೀರನ್ನು ಬಿಡುವುದು ಗೇಟು. ಅಣೆಕಟ್ಟು ತುಂಬಿದಾಗಲೂ ಬಿಡುತ್ತಾರೆ, ತಮಿಳುನಾಡಿಗೆ ಕೊಡಬೇಕಾದಾಗಲೂ ಬಿಡುತ್ತಾರೆ. ಕಸಕಡ್ಡಿ ಬಹುಪಾಲು ಅಣೆಕಟ್ಟಿನ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಎಲೆ, ಮರದ ತುಂಡು ಕಾಣದಿದ್ದರೆ ಮಳೆಯಿಲ್ಲ ಎನ್ನುವ ಹಾಗೂ ಇಲ್ಲ. ನನ್ನ ಹಸಿ ಸೌದೆ ಆ ಗೇಟು. ಅದು ಸಿಕ್ಕ ಕೂಡಲೇ ಮುಂದೆ ಏನು ಕೇಳಬೇಕು ಎನ್ನುವುದೂ ಗೊತ್ತಾಯಿತು: ಇವತ್ತು ಅಣೆಕಟ್ಟಿನ ಮಟ್ಟ ಎಷ್ಟು? ಪೂರ್ತಿ ಮಟ್ಟ 124.80 ಅಡಿ. ಮಟ್ಟ ಅದರ ಹತ್ತಿರ ಇದ್ದು, ಒಳಹರಿವು ಏರುತ್ತಿದ್ದು, ಗೇಟು ತೆಗೆದಿದ್ದರೆ ನನ್ನ ಊಹೆಗೆ ಬಲ ಬಂತು. ಮಟ್ಟ ಕೆಳಗಿದ್ದೂ ನೀರು ಬಿಟ್ಟಿದ್ದರೆ ಊಹೆ ಬಿತ್ತು.

ಹಸಿ ಸೌದೆ ಹುಡುಕದಿದ್ದರೆ ಏನಾಗಬಹುದು ಎಂದು ನಾವು ನೋಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಎಲ್ಲೆಡೆ ಹರಿದಾಡುತ್ತಿತ್ತು. ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಕಳ್ಳರೆಂದು ಭಾವಿಸಿದ ಜನ ಮುರ್ಕಿ ಗ್ರಾಮದಲ್ಲಿ ಅವರನ್ನು ತಡೆದು ಹೊಡೆದರು. ಒಬ್ಬ ಯುವಕ ಸತ್ತೇಹೋದ. ಮಕ್ಕಳ ಕಳ್ಳ ಚಾಕೊಲೇಟ್ ಕೊಟ್ಟಾನು, ನಿಜ. ಚಾಕೊಲೇಟ್ ಕೊಟ್ಟವನೆಲ್ಲ ಕಳ್ಳನಾ? ಮದುವೆ ಮನೆಗೆ ಬರುವ ಪ್ರತಿಯೊಬ್ಬ ಮಾವನೂ ಕೊಡುತ್ತಾನಲ್ಲ! ಹೊಗೆಯಿಂದ ಬೆಂಕಿಗೆ ಹೋಗುವ ದಾರಿಯನ್ನು ಬೆಂಕಿಯಿಂದ ಹೊಗೆಗೆ ಎಂದು ತಿರುಗಿಸಿಕೊಂಡರು. ಆ ಗುಂಪಿನಲ್ಲಿ ಮೊದಲು ಕೇಳಬೇಕಿದ್ದ ಪ್ರಶ್ನೆ: "ಯಾವ ಮಗು ಕಾಣೆಯಾಗಿದೆ?"

5. ಕೇಳಿದ್ದಾದರೆ: ಎರಡು ಪ್ರಶ್ನೆ ಕೇಳಿ

ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಕೇಳಿದ್ದೇ. ನಿಮ್ಮ ಹುಟ್ಟಿದ ತಾರೀಕು ಕೂಡ. ಆದ್ದರಿಂದ ‘ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬ್ತೀನಿ’ ಎಂದು ಎದೆ ತಟ್ಟುವವರನ್ನು ನಾನು ಜಾಸ್ತಿ ನಂಬುವುದಿಲ್ಲ.

ನ್ಯಾಯಸೂತ್ರ ಹೇಳುವುದು: ಆಪ್ತನ ಮಾತು ಪ್ರಮಾಣ. ಈಗ ಆಪ್ತ ಅಂದರೆ ಹತ್ತಿರದ ಗೆಳೆಯ. ಅಲ್ಲಿ ಅರ್ಥ ಬೇರೆ. ವಾತ್ಸ್ಯಾಯನ ಬಿಡಿಸಿ ಹೇಳುತ್ತಾನೆ: ಸಂಗತಿಯನ್ನು ನೇರವಾಗಿ ತಿಳಿದವನು, ತಿಳಿದ ಹಾಗೇ ಹೇಳಬೇಕೆಂಬ ಮನಸ್ಸಿರುವವನು. ಅಷ್ಟೇ. ಋಷಿ, ಆರ್ಯ, ಮ್ಲೇಚ್ಛ, ಎಲ್ಲರಿಗೂ ಇದು ಒಂದೇ ಲಕ್ಷಣ ಎಂದೂ ಸೇರಿಸುತ್ತಾನೆ. ಆ ಕಾಲದಲ್ಲಿ ಈ ಮಾತು! ಹೇಳಿದವನ ಜಾತಿ, ಅಂತಸ್ತು ಲೆಕ್ಕಕ್ಕಿಲ್ಲ. ಎರಡೇ ಪ್ರಶ್ನೆ: ಇವನಿಗೆ ಗೊತ್ತಾ? ಗೊತ್ತಿರುವುದನ್ನು ಇದ್ದ ಹಾಗೆ ಹೇಳುವ ಮನಸ್ಸಿದೆಯಾ?

ನಮ್ಮ ವಾಟರ್‌ಮನ್ ಆಪ್ತ. ಇಸ್ತ್ರಿ ಅಂಗಡಿಯವರಿಗೆ ಹೇಳುವ ಮನಸ್ಸಿತ್ತು, ಗೊತ್ತಿರಲಿಲ್ಲ. ನಿವೇಶನ ಮಾರುವ ಬ್ರೋಕರ್‌ಗೆ ಕೆರೆಯ ಬಫರ್ ಎಲ್ಲಿದೆ ಎಂದು ಚೆನ್ನಾಗಿ ಗೊತ್ತು, ಹೇಳುವ ಮನಸ್ಸಿಲ್ಲ. ನಾವು ಮೋಸಹೋಗುವುದು ಬ್ರೋಕರ್‌ನಿಂದ ಎಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಇಸ್ತ್ರಿ ಅಂಗಡಿಯವರಿಂದಲೇ ಜಾಸ್ತಿ: ಒಳ್ಳೆಯವರು, ಕಾಳಜಿಯವರು, ಏನೂ ಗೊತ್ತಿಲ್ಲದವರು. ಡಾಕ್ಟರಿಗೆ ಔಷಧಿ ಗೊತ್ತು ಎಂದು ಅವರ ಷೇರು ಸಲಹೆಯನ್ನೂ ಕೇಳುವುದು ಇದೇ ತಪ್ಪಿನ ಇನ್ನೊಂದು ರೂಪ.

‘ಎಲ್ಲರೂ ಹೇಳ್ತಿದ್ದಾರೆ’ ಎನ್ನುವುದಕ್ಕೆ ಮೋಸಹೋಗಬೇಡಿ. ಹತ್ತು ಬಾಯಿ ಒಂದೇ ಕಿವಿಯಿಂದ ಕೇಳಿದ್ದರೆ ಸಾಕ್ಷಿ ಒಂದೇ. ಬಾಲ ಹಿಡಿದು ಹಿಂದಕ್ಕೆ ಹೋಗಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಸಿಕ್ಕರೆ ಅದು ಹತ್ತಕ್ಕಿಂತ ಹೆಚ್ಚು.

ಬೀದರ್ ಘಟನೆ ನಡೆದ ತಿಂಗಳೇ ವಾಟ್ಸಾಪ್‌ನವರು ಬೇರೆ ಕಡೆಯಿಂದ ಬಂದ ಸಂದೇಶದ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಹಾಕಲು ಶುರುಮಾಡಿದರು. ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚಿಗೆ ಕಳಿಸದ ಹಾಗೆ ಮಿತಿಯನ್ನೂ ಇಟ್ಟರು. ನನಗೆ ಆಗ ಅನ್ನಿಸಿದ್ದು: ಇದು ನಮ್ಮ ‘ಅಂತೆ’ ಅಲ್ವಾ? ನಾವು ಉದುರಿಸಿದ್ದನ್ನು ಒಂದು ಯಂತ್ರ ಮತ್ತೆ ಅಂಟಿಸಿಕೊಡುತ್ತಿದೆ.

6. ‘ಯಾಕೆ?’ ಅಂತ ಕೇಳುತ್ತಾ ಹೋಗಿ. ಎಲ್ಲಿ ನಿಲ್ಲಿಸಬೇಕು?

ಮಳೆಯಾಗಿದೆ. ಯಾಕೆ ಹಾಗಂತೀರಿ? ಮಟ್ಟ ಏರಿದೆ. ಅದು ಹೇಗೆ ಗೊತ್ತು? ಪೇಪರಿನಲ್ಲಿತ್ತು. ಪೇಪರನ್ನು ಯಾಕೆ ನಂಬಬೇಕು? ಐದು ವರ್ಷದ ಮಗುವಿನ ಜೊತೆ ಬಸ್ಸಿನಲ್ಲಿ ಹೋದವರಿಗೆಲ್ಲ ಇದು ಗೊತ್ತು. ಕೊನೆಗೆ ಮೂರರಲ್ಲಿ ಒಂದಾಗುತ್ತದೆ. ಪ್ರಶ್ನೆ ಮುಗಿಯುವುದೇ ಇಲ್ಲ. ಅಥವಾ ಸುತ್ತಿ ಬಂದು ಮೊದಲಿನ ಜಾಗದಲ್ಲೇ ನಿಲ್ಲುತ್ತದೆ: "ನಿಜ ಅಲ್ದಿದ್ರೆ ಪೇಪರಲ್ಲಿ ಯಾಕೆ ಹಾಕ್ತಾರೆ?" ಅಥವಾ "ಸುಮ್ನೆ ಕೂತ್ಕೋ" ಎಂದು ಎಲ್ಲೋ ನಿಲ್ಲಿಸುತ್ತೇವೆ. ಗ್ರೀಕ್ ಸಂದೇಹವಾದಿಗಳಲ್ಲಿ ಅಗ್ರಿಪ್ಪನ ಹೆಸರಿನಲ್ಲಿ ಈ ಇಕ್ಕಟ್ಟು ಪ್ರಸಿದ್ಧ. ನಮ್ಮಲ್ಲಿ ಬೌದ್ಧ ದಾರ್ಶನಿಕ ನಾಗಾರ್ಜುನ ಪ್ರಮಾಣಗಳ ಮೇಲೇ ಇದನ್ನು ತಿರುಗಿಸಿದ: ಎಲ್ಲಕ್ಕೂ ಪ್ರಮಾಣ ಬೇಕು ಅಂತೀರಿ, ಪ್ರಮಾಣಕ್ಕೆ ಯಾವ ಪ್ರಮಾಣ?

ಉತ್ತರಗಳು ಹಲವು. ನನಗೆ ಕೈಗೆ ಹತ್ತಿರವಾದವು ಇವು.

ನ್ಯಾಯಸೂತ್ರದ ತಕ್ಕಡಿ. ತಕ್ಕಡಿ ಚಿನ್ನ ತೂಗುತ್ತದೆ. ತಕ್ಕಡಿಯ ಮೇಲೇ ಸಂಶಯ ಬಂದರೆ? ತೂಕ ಗೊತ್ತಿರುವ ಚಿನ್ನವನ್ನಿಟ್ಟು ತಕ್ಕಡಿಯನ್ನೇ ಪರೀಕ್ಷಿಸುತ್ತೇವೆ. ಒಂದೇ ವಸ್ತು ಒಂದು ಸಲ ಅಳೆಯುತ್ತದೆ, ಇನ್ನೊಂದು ಸಲ ಅಳೆಸಿಕೊಳ್ಳುತ್ತದೆ. ಎಲ್ಲವನ್ನೂ ಒಟ್ಟಿಗೆ ಸಂಶಯಿಸಬೇಕಿಲ್ಲ.

ಸೂಸನ್ ಹ್ಯಾಕ್ ಎಂಬ ಚಿಂತಕಿ 1993ರಲ್ಲಿ ಕೊಟ್ಟ ಪದಬಂಧದ ಹೋಲಿಕೆ. ಪೇಪರಿನ ಪದಬಂಧ ಬಿಡಿಸುವಾಗ ಒಂದು ಪದ ಸರಿಯೇ ಎಂದು ಹೇಗೆ ತಿಳಿಯುತ್ತದೆ? ಸುಳಿವಿಗೆ ಹೊಂದಬೇಕು, ಅಡ್ಡ ಬಂದ ಪದಗಳಿಗೂ ಹೊಂದಬೇಕು. ಸುಳಿವು ನಮ್ಮ ಅನುಭವದ ಹಾಗೆ, ಅಡ್ಡ ಪದಗಳು ನಮ್ಮ ಬೇರೆ ನಂಬಿಕೆಗಳ ಹಾಗೆ. ಕೆಲವರು ನಂಬಿಕೆಗೆ ಅಡಿಪಾಯ ಬೇಕೇ ಬೇಕು ಅಂತಾರೆ, ಇನ್ನು ಕೆಲವರು ಒಂದಕ್ಕೊಂದು ಹೊಂದಿಕೊಂಡರೆ ಸಾಕು ಅಂತಾರೆ. ಪದಬಂಧದಲ್ಲಿ ಎರಡೂ ಕೂಡಿವೆ. ಪೆನ್ಸಿಲ್ಲಿನಲ್ಲಿ ತುಂಬಿದ್ದು ಯಾವುದು, ಪೆನ್ನಿನಲ್ಲಿ ತುಂಬಿದ್ದು ಯಾವುದು ಎಂಬ ನೆನಪಿರಬೇಕು, ಅಷ್ಟೇ.

ಇನ್ನು ಕರ್ನಾಟಕದ ಉತ್ತರ. 13ನೇ ಶತಮಾನದ ಮಧ್ವಾಚಾರ್ಯರು ‘ಸಾಕ್ಷಿ’ ಎಂದರು. ಕಣ್ಣು ಕಿವಿ ತಪ್ಪಬಹುದು. ಆದರೆ ‘ನನಗೆ ಹಸಿವಾಗಿದೆ’, ‘ನನಗೆ ನೋವಿದೆ’ ಎನ್ನುವುದನ್ನು ನೇರವಾಗಿ ಅರಿಯುವ ಒಳಗಿನದೊಂದಿದೆ. ಅದಕ್ಕೆ ಸಂಶಯ ಬರುವುದಿಲ್ಲ. ಸಂಶಯ ಬಂದ ಜ್ಞಾನವನ್ನು ಪರೀಕ್ಷೆ ಮಾಡು, ಪರೀಕ್ಷೆ ಕೊನೆಗೆ ಸಾಕ್ಷಿಯ ಹತ್ತಿರ ನಿಲ್ಲುತ್ತದೆ. ವಿಜಯನಗರದ ಕಾಲದ ವ್ಯಾಸರಾಯರು, ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾಗಿದ್ದ ಅವರೇ, ‘ತರ್ಕತಾಂಡವ’ದಲ್ಲಿ ನ್ಯಾಯದವರ ಜೊತೆ ಇಂಥ ವಿಷಯಗಳ ಮೇಲೆ ದೊಡ್ಡ ವಾದ ಹೂಡಿದರು. ನ್ಯಾಯದವರ ಪ್ರಕಾರ ಜ್ಞಾನ ಸರಿ ಎಂದು ಗೊತ್ತಾಗಲು ಹೊರಗಿನ ಪರೀಕ್ಷೆ ಬೇಕು: ನೀರು ಕಂಡಿತು, ಹೋಗಿ ಕುಡಿದೆ, ಬಾಯಾರಿಕೆ ತೀರಿತು, ಆದ್ದರಿಂದ ಕಂಡದ್ದು ನಿಜ. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರೂ ವೇದಾಂತಿಗಳೂ ಒಪ್ಪಲಿಲ್ಲ. ತಪ್ಪು ಎಂದು ತೋರಿಸುವ ತನಕ ಜ್ಞಾನವನ್ನು ಸರಿ ಎಂದೇ ಹಿಡಿಯಬೇಕು. ಇಲ್ಲದಿದ್ದರೆ ಆ ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಬೇಡವೇ?

ಎಷ್ಟು ಸಲ ಪರೀಕ್ಷಿಸಬೇಕು ಎಂದು ನೇರವಾಗಿ ಕೇಳಿದರೆ ಮೀಮಾಂಸೆಯ ಕುಮಾರಿಲಭಟ್ಟನಲ್ಲಿ ಲೆಕ್ಕವೇ ಇದೆ: ಮೂರು ನಾಲ್ಕು ಜ್ಞಾನಗಳಾದ ಮೇಲೆ ಮುಂದಿನದು ಬೇಕಿಲ್ಲ. ನಾನು ಅನುಸರಿಸುವುದು ಇದನ್ನೇ. ಮನೆಯ ಮಾತಿಗೆ ಒಂದು ‘ಯಾಕೆ’. ದುಡ್ಡಿನ ಮಾತಿಗೆ ಮೂರು. ಇನ್ನೊಬ್ಬರ ಜೀವ, ಮಾನದ ಮಾತಾದರೆ ನಾಲ್ಕು, ಮತ್ತು ಅವರನ್ನೇ ಒಂದು ಸಲ ಕೇಳುವುದು.

7. ಕಾರಣ ಹೇಳಲು ಬರದಿದ್ದರೆ

ಅಮ್ಮ ಪಾತ್ರೆಯ ಮುಚ್ಚಳ ತೆಗೆದು "ಹಿಟ್ಟು ಹುದುಗಿದೆ" ಅನ್ನುತ್ತಾರೆ. ಹೇಗೆ ಗೊತ್ತು ಅಂದರೆ "ಗೊತ್ತಾಗುತ್ತೆ" ಅನ್ನುತ್ತಾರೆ. ಇದಕ್ಕೆ ಆಧಾರ ಇಲ್ಲವೇ? ಇದೆ. ಅಮೆರಿಕದ ಆಲ್ವಿನ್ ಗೋಲ್ಡ್‌ಮನ್ 1979ರಲ್ಲಿ ವಾದಿಸಿದ್ದು ಹೀಗೆ: ನಂಬಿಕೆ ಹುಟ್ಟಿದ ದಾರಿ ಹೆಚ್ಚಿನ ಸಲ ಸರಿಯಾದದ್ದನ್ನೇ ಕೊಡುವಂಥದ್ದಾದರೆ ಸಾಕು, ಕಾರಣವನ್ನು ಬಾಯಲ್ಲಿ ಹೇಳಲು ಬರಲೇಬೇಕೆಂದಿಲ್ಲ. ಹಾಗಾಗಿ ‘ನನಗೆ ಯಾಕೋ ಹಾಗನ್ಸುತ್ತೆ’ ಅನ್ನುವವರ ಹಳೆಯ ಲೆಕ್ಕ ನೋಡಿ. ಹತ್ತು ಸಲದಲ್ಲಿ ಎಷ್ಟು ಸರಿಹೋಗಿದೆ? ಅಮ್ಮನ ಹಿಟ್ಟಿಗೆ ಪೂರ್ತಿ ಅಂಕ. ಹೊಸ ಅಳಿಯನ ಬಗ್ಗೆ ಅದೇ ಅಮ್ಮನಿಗೆ ಅನ್ನಿಸುವುದಕ್ಕೆ ಬೇರೆಯೇ ಲೆಕ್ಕ ಇಡಬೇಕು.

8. ಅದೃಷ್ಟವನ್ನು ಕಳೆದು ನೋಡಿ

ನಂಬಿಕೆ ಸರಿಯಾಯಿತು, ಆಧಾರವೂ ಇತ್ತು. ಆದರೂ ಅದು ಜ್ಞಾನ ಆಗದೇ ಇರಬಹುದು. 1963ರಲ್ಲಿ ಎಡ್ಮಂಡ್ ಗೆಟಿಯರ್ ಬರೀ ಮೂರು ಪುಟದ ಲೇಖನದಲ್ಲಿ ಇದನ್ನು ತೋರಿಸಿ ತತ್ವಶಾಸ್ತ್ರದವರ ನಿದ್ದೆ ಕೆಡಿಸಿದ. ಸುಲಭದ ಉದಾಹರಣೆ ಬರ್ಟ್ರಂಡ್ ರಸೆಲ್‌ನದು: ಗಡಿಯಾರ ನಿಂತಿದೆ. ನಿಮಗೆ ಗೊತ್ತಿಲ್ಲ. ನೀವು ನೋಡಿದ ಹೊತ್ತಿಗೆ ಸರಿಯಾಗಿ ಅದೇ ಸಮಯವಾಗಿತ್ತು. ಸಮಯ ಸರಿ, ನೋಡಿದ್ದೂ ಗಡಿಯಾರವನ್ನೇ. ಆದರೆ ನಿಮಗೆ ಸಮಯ ಗೊತ್ತಿತ್ತು ಅನ್ನಬಹುದೇ?

ಗೆಟಿಯರ್‌ಗಿಂತ ಸಾವಿರ ವರ್ಷಕ್ಕೂ ಹಿಂದೆ, 8ನೇ ಶತಮಾನದಲ್ಲಿ, ಬೌದ್ಧ ತಾರ್ಕಿಕ ಧರ್ಮೋತ್ತರ ಇಂಥದ್ದನ್ನು ಹೇಳಿದ್ದ. ಮಾಂಸ ಸುಡಲು ಆಗಷ್ಟೇ ಬೆಂಕಿ ಹಾಕಿದ್ದಾರೆ. ಹೊಗೆ ಇನ್ನೂ ಎದ್ದಿಲ್ಲ. ಮಾಂಸಕ್ಕೆ ಮುತ್ತಿದ ಹುಳುಗಳ ಗುಂಪು ದೂರದಿಂದ ಕಪ್ಪಗೆ ಕಾಣುತ್ತದೆ. ನೋಡಿದವನು ಹ್ಞಾಂ ಹೊಗೆ, ಅಲ್ಲಿ ಬೆಂಕಿ ಇದೆ ಅನ್ನುತ್ತಾನೆ. ಬೆಂಕಿ ಇದೆ. ಆದರೆ ಅವನಿಗೆ ಗೊತ್ತಿಲ್ಲ. "ಬೆಂಕಿ ಇಲ್ದೆ ಹೊಗೆಯಾಡುತ್ತಾ?" ಎಂದು ಕೇಳಿಕೇಳಿ ಗಾಳಿಸುದ್ದಿ ಹಬ್ಬಿಸುವವರಿಗೆ ಕೇಳಬೇಕಾದ ಪ್ರಶ್ನೆ ಇದೇ: ನೀವು ನೋಡಿದ್ದು ಹೊಗೆಯನ್ನೋ, ಹುಳುವನ್ನೋ?

ಮಾಡಬೇಕಾದದ್ದು: ನಿಮ್ಮ ಆಧಾರ ಹಾಗೇ ಇರಲಿ, ಸಂಗತಿ ಮಾತ್ರ ಸುಳ್ಳಾಗಿದ್ದರೆ ಎಂದು ಊಹಿಸಿ. ಆಗಲೂ ನೀವು ಅದನ್ನೇ ನಂಬುತ್ತಿದ್ದಿರಾ? ಕೊಡಗಿನಲ್ಲಿ ಒಂದು ಹನಿ ಬೀಳದಿದ್ದರೂ, ಗೇಟು ತೆಗೆದಿದ್ದರೆ, ದಡದಲ್ಲಿ ನಿಂತ ನಾನು ಮಳೆಯಾಗಿದೆ ಅಂತಲೇ ಹೇಳುತ್ತಿದ್ದೆ. ಅಂದರೆ ಹೊಳೆಯನ್ನಷ್ಟೇ ನೋಡಿ ಹೇಳಿದ ಮಾತು, ನಿಜವಾಗಿದ್ದರೂ, ನಿಂತ ಗಡಿಯಾರವೇ.

9. ಈಗ ಬಾಲವನ್ನು ಮತ್ತೆ ಹಚ್ಚಿ

ಮೊದಲ ಕಾಗದಕ್ಕೆ ವಾಪಸ್ ಬನ್ನಿ. ವಾಕ್ಯ ಹಾಗೇ ಇರಲಿ, ಕ್ರಿಯಾಪದದ ಕೊನೆಯನ್ನು ನಿಮ್ಮ ಆಧಾರದ ಬಲಕ್ಕೆ ತಕ್ಕಂತೆ ತಿದ್ದಿ. ಅಣೆಕಟ್ಟಿನ ಮಟ್ಟ ನೋಡಿದೆ, ಭಾಗಮಂಡಲದ ಪರಿಚಯದವರಿಗೆ ಫೋನ್ ಮಾಡಿದೆ, ಅವರು ಕಿಟಕಿಯಾಚೆ ನೋಡಿ ಹೇಳಿದರು. ಈಗ ‘ಮಳೆಯಾಗಿದೆ’ ಎಂದು ಬರೆಯಬಲ್ಲೆ. ಫೋನ್ ಸಿಗದಿದ್ದರೆ ‘ಆಗಿರಬೇಕು’. ಬರೀ ಹೊಳೆ ನೋಡಿದ್ದಾದರೆ ‘ಆಗಿರಬಹುದು’. ಮುಂದಕ್ಕೆ ಹೇಳುವಾಗ ಆ ಬಾಲವನ್ನು ಕತ್ತರಿಸದೆ ದಾಟಿಸಿ. ಕಷ್ಟ ಇರುವುದು ಇಲ್ಲೇ. ‘ಅಂತೆ’ ಹಾಕಿ ಹೇಳಿದರೆ ಯಾರೂ ಕಣ್ಣರಳಿಸಿ ಕೇಳುವುದಿಲ್ಲ. ಸುದ್ದಿಯ ಅರ್ಧ ರುಚಿ ಹೋಗುತ್ತದೆ.

ಮೊನ್ನೆ ಪಕ್ಕದ ಮನೆಯ ಅಕ್ಕ ಮತ್ತೆ ಗೇಟಿನ ಹತ್ತಿರ ಬಂದರು. "ನಾಳೆ ನೀರು ಬರದೇ ಇರಬಹುದು" ಅಂದರು.

"ಯಾರು ಹೇಳಿದ್ರು ಅಕ್ಕಾ?"

"ವಾಟರ್‌ಮನ್ನೇ ಹೇಳಿದ್ದು. ನಮ್ಮ ಬೀದಿಗೇನಾ ಅಂತಾನೂ ಕೇಳ್ದೆ. ಅವ್ರಿಗೂ ಸರಿಯಾಗಿ ಗೊತ್ತಿಲ್ಲ."

ಎರಡು ಬಕೆಟ್ ತುಂಬಿಸಿಟ್ಟೆ. ಇಡ್ಲಿ ಪಾತ್ರೆಯನ್ನು ಮುಟ್ಟಲಿಲ್ಲ.